ಕಪಾಟಿನೊಳಗಿನ ಕಿಟಕಿ

ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಗೋರೆಗಾಂವ್ ಮತ್ತು ಕಾಂದಿವಲಿಗಳ ನಡುವೆ ಬರುವ ಮಲಾಡಿನಲ್ಲಿ, ಒಂದು ಖೋಲಿಯ ಚಾಳಿನ ಮನೆಗಳಲ್ಲಿ ಸಂಸಾರ ಹೂಡಿದ ನಮ್ಮ ಪೀಳಿಗೆಯವರಿಗೆ, ಒಂದೇ ವಸ್ತುವಿನಿಂದ ಎರಡು ಮೂರು ಕೆಲಸ ತೆಗೆಯುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಗಲು ಅತಿಥಿಗಳು ಕುಳಿತುಕೊಳ್ಳುತ್ತಿದ್ದ ಪೆಟ್ಟಿಗೆಮಂಚದ ಹೊಟ್ಟೆಯಲ್ಲಿಯೇ ತಿಂಗಳ ಅಕ್ಕಿಯೂ ಊರಿನಿಂದ ಬಂದ ಹಪ್ಪಳವೂ ಇರುತ್ತಿದ್ದವು. ಕಬ್ಬಿಣದ ಕಪಾಟಿನ ಬಾಗಿಲೇ ಮನೆಮಂದಿಗೆಲ್ಲ ಕನ್ನಡಿಯಾಗಿತ್ತು. ಆರು ಮನೆಗಳಿಗೆ ಸೇರಿದ ಗ್ಯಾಲರಿಯೇ ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಅಂಗಳವೂ ಪರೀಕ್ಷಾಕಾಲದಲ್ಲಿ ಮಕ್ಕಳ ಪಾಠಶಾಲೆಯೂ ಆಗುತ್ತಿತ್ತು. ಇಂತಹ ಮನೆಗಳೊಳಕ್ಕೆ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಆಯ್ದು ಜೋಡಿಸಿದ ಗಣಕಯಂತ್ರವು ಟ್ಯಾಕ್ಸಿಯಲ್ಲಿ ಬಂದಿಳಿದಾಗ, ಅದರಲ್ಲಿ ಕಡತಗಳನ್ನಿಡುವ ಕಪಾಟೇ ಲೋಕವನ್ನು ತೋರಿಸುವ ಕಿಟಕಿಯೂ ಆಗಬಲ್ಲದೆಂಬ ಸಂಗತಿಯು ನಮಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಸಮಾಧಾನವನ್ನೇ ಉಂಟುಮಾಡಿತು.

ಫೈಲ್ ಮ್ಯಾನೇಜರ್ ಎಂಬುದು ಯಂತ್ರದೊಳಗಿನ ಹಾರ್ಡ್ ಡಿಸ್ಕಿನಲ್ಲಿ ನಾವೇ ಇಟ್ಟುಕೊಂಡಿರುವ ಪತ್ರ, ಚಿತ್ರ, ಲೆಕ್ಕಗಳನ್ನು ಫೋಲ್ಡರುಗಳಾಗಿ ವಿಂಗಡಿಸಿ ತೋರುವ ಸಾಧನ. ಬ್ರೌಸರ್ ಎಂಬುದು ಅನ್ಯರ ಯಂತ್ರಗಳಲ್ಲಿರುವ ಪುಟಗಳನ್ನು ತಂತಿಯ ಮೂಲಕ ತರಿಸಿ ತೋರುವ ಸಾಧನ. ಮೊದಲನೆಯದರೊಳಗೇ ಎರಡನೆಯದರ ಕಾರ್ಯವನ್ನು ನಡೆಸಬಹುದೇ, ನಡೆಸಬಹುದಾದರೆ ನಡೆಸುವುದು ಯುಕ್ತವೇ ಎಂಬ ಪ್ರಶ್ನೆಯು ಸುಮಾರು ಹತ್ತು ವರ್ಷಗಳ ಕಾಲ ತಂತ್ರಜ್ಞರನ್ನೂ ನ್ಯಾಯಾಧೀಶರನ್ನೂ ಕಾಡಿತು. ನಮ್ಮ ಕಾಲದ ಹುಡುಗರಿಗೆ ಅದು ಪ್ರಶ್ನೆಯಾಗಿಯೇ ತೋರದಿರಬಹುದು. ಆದರೆ ಪ್ರಶ್ನೆಯ ಬೇರು ಮೇಲುನೋಟಕ್ಕೆ ಕಾಣುವುದಕ್ಕಿಂತ ಆಳದಲ್ಲಿದೆ. 1990ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಜಾಲವನ್ನು ನಿರ್ಮಿಸಿದ ಟಿಮ್ ಬರ್ನರ್ಸ್ ಲೀ ಅವರು ಜಾಲದ ವಿಳಾಸಕ್ಕೆ ಕಲ್ಪಿಸಿದ ವ್ಯಾಕರಣವು ಕಡತದ ವಿಳಾಸದ ವ್ಯಾಕರಣಕ್ಕೆ ತೀರ ಸಮೀಪದ್ದು: ಮೊದಲು ಯಂತ್ರದ ಹೆಸರು, ತರುವಾಯ ಓರೆಗೆರೆ, ಅದರ ಮುಂದೆ ಫೋಲ್ಡರು, ಮತ್ತೊಂದು ಓರೆಗೆರೆ, ಕೊನೆಗೆ ಪುಟದ ಹೆಸರು. ಯಂತ್ರದ ಹೆಸರಿನ ಸ್ಥಾನವನ್ನು ಬರಿದಾಗಿ ಬಿಟ್ಟು ಮೂರು ಓರೆಗೆರೆಗಳನ್ನು ಒತ್ತಾಗಿ ಬರೆದರೆ ಅದೇ ವಿಳಾಸವು ನಮ್ಮದೇ ಡಿಸ್ಕನ್ನು ಸೂಚಿಸುತ್ತದೆ. ವ್ಯಾಕರಣ ಒಂದೇ ಆದಮೇಲೆ ಓದುವ ಕನ್ನಡಕವೂ ಒಂದೇ ಇರಲೆಂದು ಯಾರಾದರೂ ಆಶಿಸಿದ್ದರೆ ಅದನ್ನು ದುರಾಶೆಯೆನ್ನಲಾಗದು.

ಆಶಿಸಿದವರಲ್ಲಿ ಅತ್ಯಂತ ಪ್ರಬಲರು ಮೈಕ್ರೋಸಾಫ್ಟ್ ಸಂಸ್ಥೆಯವರು. 1995ರ ಆಗಸ್ಟ್ 24ರಂದು ಹೊರಬಂದ ವಿಂಡೋಸ್ 95ರಲ್ಲಿ ಕಡತಗಳ ಕಪಾಟಿಗೆ ಎಕ್ಸ್‌ಪ್ಲೋರರ್ ಎಂದು ಹೆಸರಾಯಿತು. ಅದೇ ತಿಂಗಳಲ್ಲಿ ಬಂದ ಬ್ರೌಸರಿಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ನಾಮಕರಣವಾಯಿತು. ಹೆಸರಿನಲ್ಲಿದ್ದ ಈ ದಾಯಾದಿತ್ವವು ರಕ್ತಸಂಬಂಧವಾಗಲು ಎರಡು ವರ್ಷ ಹಿಡಿಯಿತು. 1997ರ ಶರತ್ಕಾಲದಲ್ಲಿ ಬಂದ ಬ್ರೌಸರಿನ ನಾಲ್ಕನೆಯ ಆವೃತ್ತಿಯಲ್ಲಿ, ಅದರ ಬೆನ್ನಿಗೇ 1998ರ ಜೂನ್ 25ರಂದು ಬಂದ ವಿಂಡೋಸ್ 98ರಲ್ಲಿ, ಕಪಾಟೂ ಕಿಟಕಿಯೂ ಒಂದೇ ಚೌಕಟ್ಟಿನಲ್ಲಿ ಕೂಡಿಕೊಂಡವು. ‘ಮೈ ಕಂಪ್ಯೂಟರ್’ ಎಂಬ ಚಿತ್ರವನ್ನು ಒತ್ತಿ ತೆರೆದ ಕಪಾಟಿನ ನೆತ್ತಿಯ ಮೇಲಿನ ಅಡ್ರೆಸ್ ಬಾರಿನಲ್ಲಿ ಯಾವುದಾದರೊಂದು ಜಾಲತಾಣದ ವಿಳಾಸವನ್ನು ಬೆರಳಚ್ಚಿಸಿದರೆ, ಆ ಕಪಾಟೇ ನೋಡನೋಡುತ್ತಿದ್ದಂತೆ ತನ್ನ ಗುಂಡಿಗಳನ್ನು ಬದಲಿಸಿಕೊಂಡು, ಫೋಲ್ಡರುಗಳ ಸಾಲನ್ನು ಮರೆಮಾಡಿ, ಬ್ರೌಸರಿನ ವೇಷವನ್ನು ಧರಿಸುತ್ತಿತ್ತು. ಹಿಂದಕ್ಕೆ ಹೋಗುವ ಬಾಣವನ್ನು ಒತ್ತಿದರೆ ವೇಷ ಕಳಚಿ ಮತ್ತೆ ನಮ್ಮ ಡಿ ಡ್ರೈವಿನ ಮುಂದೆ ನಿಲ್ಲಿಸುತ್ತಿತ್ತು. ಯಕ್ಷಗಾನದಲ್ಲಿ ಒಬ್ಬನೇ ವೇಷಧಾರಿಯು ಪೂರ್ವಾರ್ಧದಲ್ಲಿ ಒಂದು ಪಾತ್ರವನ್ನೂ ಉತ್ತರಾರ್ಧದಲ್ಲಿ ಮತ್ತೊಂದನ್ನೂ ಮಾಡುವುದನ್ನು ಕಂಡ ನಮಗೆ ಇದು ಹೊಸತೇನಲ್ಲ. ಆದರೆ ಅಲ್ಲಿ ನಡುವೆ ಚೌಕಿಯೊಂದಿರುತ್ತದೆ, ಬಣ್ಣ ಅಳಿಸಿ ಬಣ್ಣ ಹಚ್ಚುವಷ್ಟು ಸಮಯವಿರುತ್ತದೆ. ಇಲ್ಲಿ ಅದಿರಲಿಲ್ಲ. ಕಡತಗಳ ಹೆಸರುಗಳೂ ಜಾಲಪುಟದ ಕೊಂಡಿಗಳಂತೆ ಅಡಿಗೆರೆ ತೊಟ್ಟು ಒಂದೇ ಒತ್ತಿಗೆ ತೆರೆದುಕೊಳ್ಳುವಂತೆ ಮಾಡುವ ಏರ್ಪಾಡೂ ಇತ್ತು. ಎರಡು ಸಲ ಒತ್ತುವುದನ್ನು ಕಷ್ಟಪಟ್ಟು ಕಲಿತಿದ್ದ ನನ್ನಂತಹ ಬ್ಯಾಂಕ್ ಗುಮಾಸ್ತರು ಅಭ್ಯಾಸಬಲದಿಂದ ಪ್ರತಿಯೊಂದು ಕಡತವನ್ನೂ ಎರಡೆರಡು ಬಾರಿ ತೆರೆದು ಪೇಚಾಡಿದೆವು.

ಇದರಿಂದ ನಮಗಾದ ಪ್ರಯೋಜನವು ನಿರ್ಮಾಪಕರು ಎಣಿಸಿದ್ದಕ್ಕಿಂತ ಬೇರೆಯದಾಗಿತ್ತು. ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಮುಂಬಯಿ ಮೊದಲಾದ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆದಿದ್ದರೂ, 1998ರ ನವೆಂಬರಿನವರೆಗೆ ಖಾಸಗಿಯವರಿಗೆ ಈ ಕ್ಷೇತ್ರದಲ್ಲಿ ಪ್ರವೇಶವಿರಲಿಲ್ಲ. ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದ ಅಗ್ಗದ ಖಾತೆಯಲ್ಲಿ ಬರಿಯ ಅಕ್ಷರಗಳು ಕಾಣುತ್ತಿದ್ದವೇ ಹೊರತು ಚಿತ್ರಗಳಲ್ಲ. ಸಂಪರ್ಕವಿದ್ದಷ್ಟು ಹೊತ್ತೂ ಖಾತೆಯ ಗಂಟೆಗಳು ಕರಗುವುದರ ಜೊತೆಗೆ ದೂರವಾಣಿಯ ಪಲ್ಸುಗಳೂ ಓಡುತ್ತಿದ್ದವು. ಆದಕಾರಣ ಮಿತವ್ಯಯದ ಗೃಹಸ್ಥರು ಜಾಲವನ್ನು ಓದುತ್ತಿರಲಿಲ್ಲ, ಕೊಯ್ಲು ಮಾಡುತ್ತಿದ್ದರು: ರಾತ್ರಿ ಹತ್ತರ ಮೇಲೆ ಸಂಪರ್ಕ ಸಾಧಿಸಿ, ಪುಟಗಳನ್ನು ಒಂದರ ಮೇಲೊಂದರಂತೆ ತೆರೆದು ಡಿಸ್ಕಿಗೆ ಉಳಿಸಿ, ತಂತಿ ಕಳಚಿ, ಬಳಿಕ ಆದಿತ್ಯವಾರ ಮಧ್ಯಾಹ್ನ ಕಪಾಟನ್ನು ತೆರೆದು ಒಂದೊಂದಾಗಿ ಓದಿಕೊಳ್ಳುತ್ತಿದ್ದರು. ಹೀಗೆ ಉಳಿಸಿದ ಪ್ರತಿಯೊಂದು ಪುಟದ ಪಕ್ಕದಲ್ಲಿ ಅದರ ಚಿತ್ರಗಳನ್ನೆಲ್ಲ ತುಂಬಿಕೊಂಡ ಒಂದು ಫೋಲ್ಡರೂ ನೆರಳಿನಂತೆ ಹುಟ್ಟಿಕೊಳ್ಳುತ್ತಿತ್ತು. ತಿಳಿಯದೆ ಅದನ್ನು ಅಳಿಸಿದವರಿಗೆ ಪುಟವು ಚಿತ್ರಗಳನ್ನೆಲ್ಲ ಕಳಚಿಕೊಂಡ ಬೋಳುಗೋಡೆಯಂತೆ ಕಾಣುತ್ತಿತ್ತು. ನಮ್ಮ ಮಟ್ಟಿಗೆ ಕಪಾಟಿನೊಳಗೆ ಜಾಲಪುಟವನ್ನು ತೆರೆಯುವುದೆಂದರೆ ಇದೇ, ಉಪ್ಪಿನಕಾಯಿಯ ಭರಣಿಯನ್ನು ತೆರೆದಂತೆ.

ಎರಡನೆಯ ಪ್ರಯೋಜನವು ಅಷ್ಟೊಂದು ಸಾತ್ವಿಕವಲ್ಲ. ಮಲಾಡ್ ಪಶ್ಚಿಮದಲ್ಲಿ ಲಿಂಕ್ ರಸ್ತೆಯ ಆಚೆ ಗಾಜಿನ ಕಟ್ಟಡಗಳೆದ್ದು, ರಾತ್ರಿಯಿಡೀ ಪರದೇಶದ ಗಿರಾಕಿಗಳೊಡನೆ ಮಾತನಾಡುವ ಉದ್ಯೋಗವು ನಮ್ಮ ಮಕ್ಕಳನ್ನು ಸಾವಿರಗಟ್ಟಲೆಯಾಗಿ ಸೆಳೆದುಕೊಂಡ ಕಾಲದಲ್ಲಿ, ನನ್ನ ಪರಿಚಿತರ ಮಗನೊಬ್ಬನು ದುಡಿಯುತ್ತಿದ್ದ ಕಛೇರಿಯಲ್ಲಿ ನೌಕರರು ಕಾಲಹರಣ ಮಾಡಬಾರದೆಂದು ಬ್ರೌಸರಿನ ಚಿತ್ರವನ್ನೇ ಪರದೆಯಿಂದ ತೆಗೆದುಹಾಕಿದ್ದರು. ಕೆಲವೇ ದಿನಗಳಲ್ಲಿ ಹುಡುಗರು ‘ಮೈ ಕಂಪ್ಯೂಟರ್’ ತೆರೆದು ಅದರ ಅಡ್ರೆಸ್ ಬಾರಿನಲ್ಲಿ ಕ್ರಿಕೆಟ್ ಅಂಕಗಳ ತಾಣವನ್ನು ಬೆರಳಚ್ಚಿಸುವುದನ್ನು ಕಲಿತುಕೊಂಡರು. ಇದಕ್ಕೆ ಸರಿಯಾಗಿ ವಿರುದ್ಧವಾದ ಪ್ರಸಂಗವನ್ನು ನಾನೇ ಸ್ಟೇಷನ್ನಿನ ಬಳಿಯ ಸೈಬರ್ ಕೆಫೆಯೊಂದರಲ್ಲಿ ಕಂಡಿದ್ದೇನೆ: ಅಲ್ಲಿಯ ಮಾಲೀಕರು ಗಿರಾಕಿಗಳು ಯಂತ್ರದ ಕಡತಗಳನ್ನು ಕೆದಕಬಾರದೆಂದು ಡ್ರೈವುಗಳನ್ನೆಲ್ಲ ಕಣ್ಣಿಗೆ ಕಾಣದಂತೆ ಮಾಡಿಸಿ ಬ್ರೌಸರನ್ನು ಮಾತ್ರ ಬಿಟ್ಟಿದ್ದರು, ಶಾಲಾಬಾಲಕನೊಬ್ಬನು ಆ ಬ್ರೌಸರಿನ ನೆತ್ತಿಯಲ್ಲಿ ಸಿ ಎಂಬ ಅಕ್ಷರವನ್ನೂ ಒಂದು ವಿಸರ್ಗವನ್ನೂ ಹಾಕಿ ಎಂಟರ್ ಒತ್ತಿದನು, ಡಿಸ್ಕಿನ ಸಮಸ್ತ ಸಂಪತ್ತೂ, ಅವನಿಗಿಂತ ಮುಂಚೆ ಬಂದಿದ್ದವರು ಉಳಿಸಿಟ್ಟು ಮರೆತುಹೋಗಿದ್ದ ಉದ್ಯೋಗದ ಅರ್ಜಿಗಳೊಡನೆ, ಅವನ ಮುಂದೆ ಬಿಚ್ಚಿಕೊಂಡಿತು. ಎರಡು ಕೋಣೆಗಳ ನಡುವಣ ಗೋಡೆಯನ್ನು ತೆಗೆದಮೇಲೆ ಒಂದರ ಬಾಗಿಲಿಗೆ ಮಾತ್ರ ಬೀಗ ಹಾಕಿದ್ದರ ಫಲವಿದು. ಈ ವಿಷಯದ ಸಮಸ್ತ ಇತಿಹಾಸವೂ ನನಗೆ ಆ ಹುಡುಗನ ಒಂದು ಒತ್ತಿನಲ್ಲಿ ಅಡಕವಾಗಿರುವಂತೆ ತೋರುತ್ತದೆ.

ನ್ಯಾಯಾಲಯದ ಕಥೆಯನ್ನು ಸಂಕ್ಷೇಪಿಸುತ್ತೇನೆ. ಅದು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಅಮೆರಿಕದ ನ್ಯಾಯ ಇಲಾಖೆಯೂ 20 ರಾಜ್ಯಗಳೂ 1998ರ ಮೇ 18ರಂದು ಮೈಕ್ರೋಸಾಫ್ಟಿನ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಕಪಾಟೂ ಕಿಟಕಿಯೂ ಒಂದೇ ಮರದಿಂದ ಕೊರೆದವು, ಬಿಡಿಸಿದರೆ ಎರಡೂ ಒಡೆಯುತ್ತವೆ ಎಂಬುದು ಪ್ರತಿವಾದಿಗಳ ವಾದವಾಗಿತ್ತು. ಬಿಡಿಸಬಹುದೆಂದು ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಅವರು ಪ್ರಯೋಗದಿಂದ ತೋರಿಸಿದರು. ನ್ಯಾಯಾಧೀಶ ಜಾಕ್ಸನ್ ಅವರು 2000ದ ಜೂನ್ 7ರಂದು ಸಂಸ್ಥೆಯನ್ನೇ ಇಬ್ಭಾಗಿಸಲು ಆಜ್ಞಾಪಿಸಿದರು. 2001ರ ಜೂನ್ 28ರಂದು ಮೇಲ್ಮನವಿ ನ್ಯಾಯಾಲಯವು ಇಬ್ಭಾಗದ ಆಜ್ಞೆಯನ್ನು ತಳ್ಳಿಹಾಕಿದರೂ, ಬ್ರೌಸರಿನ ಸಂಕೇತಗಳನ್ನು ವಿಂಡೋಸಿನ ಸಂಕೇತಗಳೊಡನೆ ಬೆರೆಸಿದ್ದು ಸ್ಪರ್ಧೆಗೆ ಮಾರಕವೆಂಬ ನಿರ್ಣಯವನ್ನು ಎತ್ತಿಹಿಡಿಯಿತು. ವ್ಯಾಪಾರದ ದೃಷ್ಟಿಯಿಂದ ಆ ತೀರ್ಪು ಯೋಗ್ಯವೇ ಇರಬಹುದು. ಆದರೆ ಈ ಬೆರಕೆಯ ಹಿಂದೆ ಕೇವಲ ಮಾರುಕಟ್ಟೆಯ ದುರಾಸೆಯಿತ್ತೆಂದು ತೀರ್ಮಾನಿಸುವವರು, ಮಾರುವುದಕ್ಕೆ ಏನೂ ಇಲ್ಲದ ಒಂದು ಮಂಡಲಿಯೂ ಅದೇ ಕಾಲದಲ್ಲಿ ಅದೇ ಬೆರಕೆಯನ್ನು ಇನ್ನೂ ಪರಿಪೂರ್ಣವಾಗಿ ಸಾಧಿಸಿದ್ದನ್ನು ಮರೆಯುತ್ತಾರೆ.

ಆ ಮಂಡಲಿಯೇ ಕೆಡಿಇ. 1996ರ ಅಕ್ಟೋಬರ್ 14ರಂದು ಮಥಿಯಾಸ್ ಎಟ್ರಿಚ್ ಎಂಬ ಜರ್ಮನ್ ವಿದ್ಯಾರ್ಥಿಯು, ಲಿನಕ್ಸ್ ಮೊದಲಾದ ವ್ಯವಸ್ಥೆಗಳಿಗೆ ಸಾಮಾನ್ಯರೂ ಬಳಸಬಲ್ಲ ಮುಖವೊಂದನ್ನು ಕಟ್ಟೋಣವೆಂದು ಕೊಟ್ಟ ಕರೆಗೆ ಓಗೊಟ್ಟವರು, 1998ರ ಮೊದಲ ಆವೃತ್ತಿಯಲ್ಲಿಯೇ ಜಾಲಪುಟವನ್ನು ತೋರಬಲ್ಲ ಕಪಾಟನ್ನು ಮಾಡಿದ್ದರು. 2000ದ ಅಕ್ಟೋಬರಿನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ ಕಾಂಕರರ್ ಎಂಬ ಹೊಸ ಅವತಾರವಾಯಿತು. ನೌಕಾಚಾಲಕನ ಹೆಸರಿನದೊಂದು ಬ್ರೌಸರ್, ಅನ್ವೇಷಕನ ಹೆಸರಿನದು ಮತ್ತೊಂದು. ಅವರಿಬ್ಬರ ಹಿಂದೆ ಬರುವವನು ದಿಗ್ವಿಜಯಿಯಲ್ಲದೆ ಮತ್ತಾರು? ಹೆಸರಿನ ಈ ಹಾಸ್ಯದಲ್ಲಿ ಸ್ವಲ್ಪ ಗರ್ವವಿದ್ದಿತಾದರೂ ಅದು ಅಪಾತ್ರವಾದ ಗರ್ವವಲ್ಲ. ನಾನು ಕಾಂಕರರನ್ನು ಕಂಡದ್ದು ಗಣಕದ ಮಾಸಪತ್ರಿಕೆಯೊಂದರ ಜೊತೆಗೆ ಬಂದ ಲಿನಕ್ಸ್ ಸಿ.ಡಿ.ಯ ದೆಸೆಯಿಂದ, ನಾಲ್ಕು ರಾತ್ರಿಗಳ ನಿದ್ರೆ ಮತ್ತು ಒಂದು ಬಾರಿ ಸಮಸ್ತ ಕಡತಗಳ ನಷ್ಟ, ಇವಿಷ್ಟನ್ನು ತೆತ್ತಮೇಲೆ ಅದು ಪ್ರಸನ್ನವಾಯಿತು.

ಅದರ ವೈಭವವನ್ನು ಈಗಿನವರಿಗೆ ವರ್ಣಿಸುವುದು ಕಷ್ಟ. ಒಂದೇ ಚೌಕಟ್ಟನ್ನು ನಡುವೆ ಸೀಳಿ ಎಡಕ್ಕೆ ನಮ್ಮ ಫೋಲ್ಡರನ್ನೂ ಬಲಕ್ಕೆ ಜಾಲಪುಟವನ್ನೂ ಇಟ್ಟುಕೊಂಡು, ಪುಟದೊಳಗಿನ ಚಿತ್ರವನ್ನು ಇಲಿಯ ಬಾಲ ಹಿಡಿದೆಳೆದು ಫೋಲ್ಡರಿಗೆ ಹಾಕಿದರೆ ಅದು ಅಲ್ಲಿಯೇ ನೆಲೆಸುತ್ತಿತ್ತು. ಹಾಡುಗಳ ಸಿ.ಡಿ.ಯನ್ನು ಯಂತ್ರಕ್ಕೆ ಕೊಟ್ಟು ಅಡ್ರೆಸ್ ಬಾರಿನಲ್ಲಿ ಅದರ ಸಂಕೇತನಾಮವನ್ನು ಬರೆದರೆ, ಆ ತಟ್ಟೆಯ ಹಾಡುಗಳು ಬೇರೆ ಬೇರೆ ಧ್ವನಿರೂಪಗಳ ಹೆಸರು ಹೊತ್ತ ಫೋಲ್ಡರುಗಳಲ್ಲಿ ಆಗಲೇ ಸಿದ್ಧವಾಗಿರುವಂತೆ ಕಾಣುತ್ತಿದ್ದವು. ನಿಜವಾಗಿ ಅವು ಇನ್ನೂ ಹುಟ್ಟಿರಲಿಲ್ಲ, ಅಲ್ಲಿಂದ ಎಳೆದು ಮತ್ತೊಂದೆಡೆಗೆ ಹಾಕುವಾಗಲಷ್ಟೇ ಪರಿವರ್ತನೆ ನಡೆಯುತ್ತಿತ್ತು. ದೂರದ ಯಂತ್ರದ ಕಡತಗಳು, ನೆರೆಯ ವಿಂಡೋಸ್ ಯಂತ್ರದ ಹಂಚಿಕೆಗಳು, ವ್ಯವಸ್ಥೆಯ ಕೈಪಿಡಿಯ ಪುಟಗಳು, ಎಲ್ಲವೂ ಒಂದೊಂದು ವಿಳಾಸವಾಗಿ ಅದೇ ಚೌಕಟ್ಟಿಗೆ ಬಂದು ನಿಲ್ಲುತ್ತಿದ್ದವು. ಇದರ ಮರ್ಮವೇನೆಂದರೆ ಕಾಂಕರರಿಗೆ ಸ್ವಂತ ವಿದ್ಯೆಯೆಂಬುದು ಬಹುಮಟ್ಟಿಗೆ ಇರಲಿಲ್ಲ. ಅದೊಂದು ಖಾಲಿ ರಂಗಸ್ಥಳ. ಕಡತವನ್ನು ತರುವವರು ಬೇರೆ, ತಂದದ್ದನ್ನು ತೋರುವವರು ಬೇರೆ. ಜಾಲಪುಟವನ್ನು ತೋರುವ ಕಾರ್ಯವನ್ನು ವಹಿಸಿಕೊಂಡ ಭಾಗಕ್ಕೆ ಕೆಎಚ್‌ಟಿಎಂಎಲ್ ಎಂದು ಹೆಸರು. ಮೈಕ್ರೋಸಾಫ್ಟಿನ ತಂತ್ರಾಂಶಗಳಲ್ಲಿಯೂ ಇಂತಹುದೇ ವಿಭಾಗಕ್ರಮವಿದ್ದುದು ನಿಜ. ಆದರೆ ಅಲ್ಲಿ ಕಪಾಟು ಎಂಬುದು ಪರದೆಯ ಕೆಳಗಿನ ಪಟ್ಟಿಯನ್ನೂ ಡೆಸ್ಕ್‌ಟಾಪನ್ನೂ ಹೊತ್ತ ಅದೇ ಪ್ರಕ್ರಿಯೆಯಾದ್ದರಿಂದ, ಕೆಟ್ಟದಾಗಿ ಬರೆದ ಜಾಲಪುಟವೊಂದು ಕಪಾಟಿನೊಳಗೆ ಕುಸಿದರೆ ಕೆಳಗಿನ ಪಟ್ಟಿಯೂ ಚಿತ್ರಗಳೂ ಕ್ಷಣಕಾಲ ಮಾಯವಾಗಿ, ಬರಿಯ ಹಿನ್ನೆಲೆಯ ಮೋಡಗಳು ಮಾತ್ರ ಉಳಿದು, ನೋಡುವವನ ಎದೆ ಝಲ್ಲೆನ್ನುತ್ತಿತ್ತು.

ಲಿನಕ್ಸಿಗೆ ಮತ್ತೊಂದು ಮುಖವನ್ನು ಕಟ್ಟುತ್ತಿದ್ದ ಗ್ನೋಮ್ ಪಂಗಡದವರ ನಾಟಿಲಸ್ ಎಂಬ ಕಪಾಟು ಸಹ ಇದೇ ಹಾದಿಯಲ್ಲಿ ಸ್ವಲ್ಪ ದೂರ ನಡೆಯಿತು. ಮ್ಯಾಕಿಂಟಾಷಿನ ನಿರ್ಮಾತೃಗಳಲ್ಲೊಬ್ಬರಾದ ಆಂಡಿ ಹರ್ಟ್ಸ್‌ಫೆಲ್ಡ್ ಅವರಿದ್ದ ಈಝಲ್ ಎಂಬ ಕಂಪನಿಯು 2001ರ ಮಾರ್ಚಿನಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರತಂದು ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು.

ಕನ್ನಡಿಗನಿಗೆ ಈ ವಿಷಯದಲ್ಲಿ ಮತ್ತೊಂದು ಎಳೆಯುಂಟು. ಅದು ಮುಂಬಯಿಯ ಮೂಲಕವೇ ಹಾಯುತ್ತದೆ. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯಾದ ‘ವಿಶ್ವ ಕನ್ನಡ’ವು 1996ರ ಡಿಸೆಂಬರಿನಲ್ಲಿ ಹೊರಬಂದಾಗ, ಅದನ್ನು ಕಟ್ಟಿದ ಡಾ. ಯು. ಬಿ. ಪವನಜ ಅವರು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದರು. ಆ ಕಾಲದ ಕನ್ನಡ ಪುಟಗಳು ಆತ್ಮದಲ್ಲಿ ಕನ್ನಡವಾಗಿದ್ದರೂ ದೇಹದಲ್ಲಿ ರೋಮನ್ ಆಗಿದ್ದವು: ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕುಳ್ಳಿರಿಸಿದ ಫಾಂಟು ಯಂತ್ರದಲ್ಲಿದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತಿದ್ದವು. ಈಗ ಕಪಾಟೂ ಕಿಟಕಿಯೂ ಒಂದಾದಾಗ ಏನಾಯಿತೆಂಬುದನ್ನು ನೋಡಿರಿ. ಕಿಟಕಿಯ ಪಾಲಿನ ಭಾಗದಲ್ಲಿ, ಫಾಂಟಿನ ಬಲದಿಂದ, ಪುಟವು ದುಂಡಗಿನ ಕನ್ನಡದಲ್ಲಿ ಹೊಳೆಯುತ್ತಿತ್ತು; ಆದರೆ ಅದನ್ನು ಉಳಿಸಿದಾಗ ಅದರ ಶೀರ್ಷಿಕೆಯೇ ಕಡತದ ಹೆಸರಾಗಿ ಕಪಾಟಿನ ಪಾಲಿಗೆ ಬರುತ್ತಿತ್ತಷ್ಟೆ; ಕಪಾಟು ತನ್ನ ಸ್ವಂತ ಫಾಂಟನ್ನು ಬಿಟ್ಟುಕೊಡುತ್ತಿರಲಿಲ್ಲ. ಆದಕಾರಣ ನುಡಿ ಅಥವಾ ಬರಹ ಎಂಬ ತಂತ್ರಾಂಶಗಳ ಕ್ರಮದಲ್ಲಿ ಬರೆದ ‘ಕನ್ನಡ’ ಎಂಬ ಪದದ ಕಕಾರವು ಇಂಗ್ಲಿಷಿನ ಪಿ ಅಕ್ಷರವಾಗಿ, ನಕಾರವು ಬ್ರಿಟಿಷ್ ಪೌಂಡಿನ ಚಿಹ್ನೆಯಾಗಿ, ತಲೆಕಟ್ಟುಗಳು ನೆತ್ತಿಯ ಮೇಲೆ ಫ್ರೆಂಚ್ ಗೆರೆ ಹೊತ್ತ ಇಂಗ್ಲಿಷಿನ ಎ ಅಕ್ಷರಗಳಾಗಿ ಸಾಲಾಗಿ ನಿಲ್ಲುತ್ತಿದ್ದವು. ಒಳಗೆ ಕುವೆಂಪು, ಹೊರಗೆ ಪೌಂಡ್ ಸ್ಟರ್ಲಿಂಗ್! ಒಂದೇ ಚೌಕಟ್ಟು ಎಂಬ ಘೋಷಣೆಯು ಇಂಗ್ಲಿಷ್ ಬಲ್ಲವರಿಗೆ ಮಾತ್ರ ಸಲ್ಲುತ್ತಿದ್ದ ಸತ್ಯವಾಗಿತ್ತು.

ನಮಗೂ ಅದು ಸತ್ಯವಾದುದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಮೇಲೆ. ಅದಕ್ಕಿಂತ ಹಿಂದಿನ ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಸ್ಥಾನ ದೊರೆತಿತ್ತೇ ಹೊರತು ಕನ್ನಡಕ್ಕೆ ದೊರೆತಿರಲಿಲ್ಲ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವೂ ‘ತುಂಗಾ’ ಎಂಬ ಫಾಂಟೂ ಬಂದವು. ನಿಯಂತ್ರಣ ಫಲಕದಲ್ಲಿ ಸಂಕೀರ್ಣ ಲಿಪಿಗಳ ಮುಂದಿನ ಚೌಕಕ್ಕೆ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ತುರುಕಿ, ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದಮೇಲೆ, ಕಪಾಟಿನ ಫೋಲ್ಡರಿಗೆ ‘ಅಮ್ಮನ ಪತ್ರಗಳು’ ಎಂದೂ, ಕಿಟಕಿಯ ಪುಟಕ್ಕೆ ಕನ್ನಡ ವಿಕಿಪೀಡಿಯವೆಂದೂ, ಒಂದೇ ಅಕ್ಷರಗಳಲ್ಲಿ ಒಂದೇ ಚೌಕಟ್ಟಿನೊಳಗೆ ಓದಿಕೊಳ್ಳುವುದು ಸಾಧ್ಯವಾಯಿತು. ಆ ತುಂಗೆಯು ಹರಿದುಬಂದುದು ಶೃಂಗೇರಿಯ ಕಡೆಯಿಂದಲ್ಲ, ಜುಹುವಿನಿಂದ. ಅಲ್ಲಿದ್ದ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದಲ್ಲಿ, ಮರಾಠಿಯ ಅಕ್ಷರಕಲೆಯಲ್ಲಿ ಪ್ರಸಿದ್ಧರಾದ ರಘುನಾಥ ಕೃಷ್ಣ ಜೋಶಿಯವರ ನಿರ್ದೇಶನದಲ್ಲಿ ವಿಂಡೋಸಿಗಾಗಿ ಭಾರತೀಯ ಲಿಪಿಗಳ ಫಾಂಟುಗಳು ರೂಪುಗೊಂಡವು. ತುಂಗೆಯನ್ನು ರಚಿಸುವಲ್ಲಿ ವಿನಯ್ ಸಾಯ್ನೇಕರ್ ಅವರ ಕೈಯೂ ಇದೆ. ಮಲಾಡಿನಿಂದ ನಿಧಾನದ ಗಾಡಿ ಹತ್ತಿದರೆ ಅಂಧೇರಿ, ಅಂಧೇರಿಯಿಂದ ಬಸ್ಸಿನಲ್ಲಿ ಜುಹು: ನನ್ನ ತಾಯಿಯ ಪತ್ರಗಳ ಫೋಲ್ಡರಿಗೆ ನಾನು ಕೊಟ್ಟ ಹೆಸರಿನ ಅಕ್ಷರಗಳು ಹುಟ್ಟಿದ್ದು ಇಷ್ಟು ಸಮೀಪದಲ್ಲೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ತುಂಗೆಯ ರೂಪವನ್ನು ತೆಳುವೆಂದೂ ಒತ್ತಕ್ಷರಗಳು ಇಕ್ಕಟ್ಟೆಂದೂ ಹಳಿದವರು ಇದ್ದರು, ಅವರಲ್ಲಿ ನಾನೂ ಒಬ್ಬ. ಈಗ ಹಳಿಯಲು ನಾಲಿಗೆ ಬಾರದು.

ಹೀಗೆ ಕೂಡಿಕೆಯು ನಮ್ಮ ಪಾಲಿಗೆ ಫಲಿಸಿದ ಹೊತ್ತಿನಲ್ಲಿಯೇ ಅದರ ಅವಸಾನವೂ ಮೊದಲಾಗಿತ್ತು. ಕಾರಣ ನ್ಯಾಯಾಲಯವಲ್ಲ, ಹೊಸ್ತಿಲು. ಬ್ರೌಸರ್ ತಾನು ತೋರುವ ಪುಟಗಳನ್ನು ವಲಯಗಳಾಗಿ ವಿಂಗಡಿಸಿ, ಹೊರಗಿನಿಂದ ಬಂದವನ್ನು ಅಪನಂಬಿಕೆಯಿಂದಲೂ ತನ್ನದೇ ಡಿಸ್ಕಿನಲ್ಲಿರುವವನ್ನು ಪೂರ್ಣ ವಿಶ್ವಾಸದಿಂದಲೂ ಕಾಣುತ್ತಿತ್ತು. ಮನೆಯೊಳಗಿರುವವನು ಮನೆಯವನೇ ಆಗಿರಬೇಕೆಂಬುದು ಅದರ ತರ್ಕ. ಕಳ್ಳರಿಗೆ ಇದಕ್ಕಿಂತ ಹೆಚ್ಚಿನ ಸೌಕರ್ಯ ಬೇಕಾಗಿರಲಿಲ್ಲ: ಬೀದಿಯಲ್ಲಿ ನಿಂತು ಬಾಗಿಲು ಒಡೆಯುವ ಬದಲು, ಒಂದು ಸಣ್ಣ ಪುಟವನ್ನು ಹೇಗಾದರೂ ಡಿಸ್ಕಿನೊಳಗೆ ಬೀಳಿಸಿ, ಅದು ಮನೆಯವನ ಧ್ವನಿಯಲ್ಲಿ ಆಜ್ಞೆ ಕೊಡುವಂತೆ ಮಾಡಿದರೆ ಸಾಕಾಗಿತ್ತು. ಇನ್ನೂ ವಿಷಮವಾದ ಸಂಗತಿಯೊಂದಿತ್ತು. ವಿಂಡೋಸ್ 98ರ ಕಪಾಟು ಪ್ರತಿಯೊಂದು ಫೋಲ್ಡರಿನ ಎಡಮಗ್ಗುಲಲ್ಲಿ ತೋರುತ್ತಿದ್ದ ಬಣ್ಣದ ಅಂಚು, ಹೆಸರು, ವಿವರಗಳು ವಾಸ್ತವವಾಗಿ ಒಂದು ಜಾಲಪುಟದ ಅಚ್ಚಿನಿಂದಲೇ ಮೂಡುತ್ತಿದ್ದವು. ಆ ಅಚ್ಚಿನ ಕಡತವನ್ನು ಕೆಡಿಸಿದರೆ, ಮುಂದೆ ಫೋಲ್ಡರನ್ನು ತೆರೆಯುವ ಕ್ರಿಯೆಯೇ ರೋಗವನ್ನು ಹರಡುವ ಕ್ರಿಯೆಯಾಗುತ್ತಿತ್ತು. 2002ರಲ್ಲಿ ಕಾಣಿಸಿಕೊಂಡ ರೆಡ್‌ಲಾಫ್ ಎಂಬ ವೈರಸ್ ಮಾಡಿದ್ದು ಇದನ್ನೇ. ಫೋಲ್ಡರ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಕೊನೆಯಿಂದ ಮೊದಲಿಗೆ ಓದಿದರೆ ಅದರ ಹೆಸರು ದೊರೆಯುತ್ತದೆ. ಏನನ್ನೂ ಓಡಿಸದೆ, ಯಾವ ಅಪರಿಚಿತ ಪತ್ರವನ್ನೂ ತೆರೆಯದೆ, ತನ್ನ ಕಪಾಟಿನ ಬಾಗಿಲನ್ನು ತೆರೆದು ನೋಡಿದ್ದಕ್ಕೇ ಗೃಹಸ್ಥನು ರೋಗಪೀಡಿತನಾಗುವ ಸ್ಥಿತಿ ಒದಗಿತು.

ಮೈಕ್ರೋಸಾಫ್ಟ್ ಇದಕ್ಕೆ ಹೂಡಿದ ಪ್ರತೀಕಾರವು ವಿಚಿತ್ರವಾದುದು. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕಿನ ತರುವಾಯ, ನಮ್ಮದೇ ಡಿಸ್ಕಿನಲ್ಲಿ ನಾವೇ ಬರೆದು ಇಟ್ಟ ಪುಟವನ್ನು ಕಪಾಟಿನಿಂದ ತೆರೆದರೂ, ಅದರಲ್ಲಿ ಎಳ್ಳಷ್ಟು ಚಲಿಸುವ ಸಂಕೇತವಿದ್ದರೆ, ನೆತ್ತಿಯ ಮೇಲೆ ಹಳದಿ ಪಟ್ಟಿಯೊಂದು ಎದ್ದು ‘ಇದು ಅಪಾಯಕಾರಿಯಾಗಬಹುದು’ ಎಂದು ಎಚ್ಚರಿಸತೊಡಗಿತು. ಅಂಥದೇ ಪುಟವು ದೂರದ ಜಾಲತಾಣದಿಂದ ಬಂದರೆ ಆ ಆಕ್ಷೇಪಣೆಯಿಲ್ಲ! ಮನೆಯ ಮಗನನ್ನು ಬಾಗಿಲಲ್ಲಿ ತಡೆದು ಗುರುತುಚೀಟಿ ಕೇಳುವ, ಅಪರಿಚಿತನನ್ನು ಅಂಗಳದಲ್ಲಿ ಕುಳ್ಳಿರಿಸಿ ಉಪಚರಿಸುವ ಈ ನೀತಿಯು ತರ್ಕಬದ್ಧವಾಗಿತ್ತು. ಏಕೆಂದರೆ ಅಪರಿಚಿತನು ಅಂಗಳವನ್ನು ದಾಟಲಾರ, ಮಗನಾದರೋ ಅಡುಗೆಮನೆಗೂ ಹೋಗಬಲ್ಲ. ಆದರೂ ಮನೆಯೆಂಬುದಕ್ಕೆ ಇದ್ದ ಅರ್ಥವೇ ಅಲ್ಲಿಗೆ ತಿರುವುಮುರುವಾಯಿತು. 2006ರ ಅಕ್ಟೋಬರಿನಲ್ಲಿ ಬಂದ ಬ್ರೌಸರಿನ ಏಳನೆಯ ಆವೃತ್ತಿಯಲ್ಲಿ ಸಂಸ್ಥೆಯು ಸದ್ದಿಲ್ಲದೆ ಗೋಡೆಯನ್ನು ಮತ್ತೆ ಕಟ್ಟಿತು: ಕಪಾಟಿನಲ್ಲಿ ಜಾಲದ ವಿಳಾಸ ಬರೆದರೆ ಇನ್ನು ಮೇಲೆ ಬೇರೆಯೇ ಕಿಟಕಿ ತೆರೆಯುವುದು. ಬಿಡಿಸಲಾಗದೆಂದು ನ್ಯಾಯಾಲಯದಲ್ಲಿ ವಾದಿಸಿದ್ದನ್ನು ಎಂಟು ವರ್ಷಗಳ ತರುವಾಯ ತಾವೇ ಬಿಡಿಸಿದರು, ಯಾರೂ ಕೇಳಿರಲಿಲ್ಲ. ಕೆಡಿಇಯವರೂ 2008ರ ನಾಲ್ಕನೆಯ ಆವೃತ್ತಿಯಲ್ಲಿ ಕಡತಗಳ ಕೆಲಸವನ್ನು ಡಾಲ್ಫಿನ್ ಎಂಬ ಪ್ರತ್ಯೇಕ ಸಾಧನಕ್ಕೆ ಒಪ್ಪಿಸಿ, ದಿಗ್ವಿಜಯಿಯನ್ನು ವ್ಯಾಸಪೀಠದಂತೆ ಗೌರವದ ಮೂಲೆಯೊಂದರಲ್ಲಿ ಕುಳ್ಳಿರಿಸಿದರು.

ಸೋತ ಸಾಧನಗಳ ಚರಿತ್ರೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಇದರದ್ದು ಮುಗಿಯಲಿಲ್ಲ. ಆಪಲ್ ಸಂಸ್ಥೆಯು ತನ್ನದೇ ಬ್ರೌಸರನ್ನು ಕಟ್ಟಲು ನಿರ್ಧರಿಸಿ ಅಡಿಪಾಯವನ್ನು ಹುಡುಕುತ್ತಿದ್ದಾಗ ಅವರಿಗೆ ಮೆಚ್ಚಿಕೆಯಾದದ್ದು ಕಾಂಕರರ್ ಎಂಬ ಕಪಾಟಿನೊಳಗಿದ್ದ ಕೆಎಚ್‌ಟಿಎಂಎಲ್ ಭಾಗ. ಅದು 1,40,000 ಸಾಲುಗಳಿಗಿಂತ ಕಡಿಮೆಯದು, ಅಚ್ಚುಕಟ್ಟಾದುದು ಎಂಬುದು ಅವರು ಕೊಟ್ಟ ಕಾರಣ. 2003ರ ಜನವರಿ 7ರಂದು ಸ್ಟೀವ್ ಜಾಬ್ಸ್ ಅವರು ಪ್ರಕಟಿಸಿದ ಸಫಾರಿಯು ಆ ತಳಹದಿಯ ಮೇಲೆ ನಿಂತಿತು. ಆ ತಳಹದಿಗೆ ಆಪಲ್ ವೆಬ್‌ಕಿಟ್ ಎಂದು ಹೆಸರಿಟ್ಟಿತು. 2008ರಲ್ಲಿ ಗೂಗಲಿನ ಕ್ರೋಮ್ ವೆಬ್‌ಕಿಟ್ಟನ್ನು ಆಶ್ರಯಿಸಿತು. 2013ರಲ್ಲಿ ಗೂಗಲ್ ಅದರಿಂದ ಬ್ಲಿಂಕ್ ಎಂಬ ಕವಲನ್ನು ಒಡೆಯಿತು. 2020ರಲ್ಲಿ ಮೈಕ್ರೋಸಾಫ್ಟ್ ತಾನೂ ಎಡ್ಜ್ ಎಂಬ ತನ್ನ ಬ್ರೌಸರನ್ನು ಆ ಕವಲಿನ ಮೇಲೆಯೇ ಕಟ್ಟಿಕೊಂಡಿತು. ಲೋಕದ ಅತ್ಯಧಿಕ ಜಾಲಪುಟಗಳು ಇಂದು ಕಾಣುತ್ತಿರುವುದು ಫೈಲ್ ಮ್ಯಾನೇಜರೊಂದರ ಒಳಗಿನಿಂದ ಕಿತ್ತುಕೊಂಡ ಕಣ್ಣಿನ ವಂಶದಿಂದ. ಅದರ ಕುರುಹೂ ಉಳಿದಿದೆ. ಬೆಳಿಗ್ಗೆ ಎಂಟು ಗಂಟೆಯ ಚರ್ಚ್‌ಗೇಟ್ ಗಾಡಿಯಲ್ಲಿ ಒಂಟಿಕಾಲಿನ ಮೇಲೆ ನಿಂತ ಮಲಾಡಿನ ಪ್ರಯಾಣಿಕನು ತನ್ನ ಮೊಬೈಲಿನ ಕ್ರೋಮಿನಲ್ಲಿ ಒಂದು ಪುಟವನ್ನು ತೆರೆದಾಗಲೆಲ್ಲ, ಆ ಬ್ರೌಸರ್ ಆಚೆಯ ಯಂತ್ರಕ್ಕೆ ಹೇಳಿಕಳುಹಿಸುವ ಗೋತ್ರಪ್ರವರದಲ್ಲಿ ಕೆಎಚ್‌ಟಿಎಂಎಲ್ ಎಂಬ ಹೆಸರು ಇಂದಿಗೂ ಉಚ್ಚರಿಸಲ್ಪಡುತ್ತದೆ. ಪ್ರವರ ಹೇಳುವವರು ಮೂಲ ಋಷಿಯನ್ನು ಬಲ್ಲರೆಂಬ ನಿಯಮವಿಲ್ಲವಷ್ಟೆ.

ಇತ್ತ ಕಪಾಟಿನ ಗತಿಯೇನಾಯಿತೆಂದರೆ, ಅದು ಕಿಟಕಿಯೊಳಕ್ಕೆ ಹೊಕ್ಕಿತು. 2012ರಲ್ಲಿ ಗೂಗಲ್ ಡ್ರೈವ್ ಬಂದಂದಿನಿಂದ, ಫೋಲ್ಡರುಗಳು, ಅವುಗಳ ಹಳದಿಯೋ ಬೂದಿಯೋ ಬಣ್ಣ, ಎಳೆದು ಹಾಕುವ ಕ್ರಮ, ಎಲ್ಲವೂ ಜಾಲಪುಟವೊಂದರ ಒಳಗೇ ಚಿತ್ರಿತವಾಗಿವೆ. ನಾನಿರುವ ಸಂಘವೊಂದರ ಸದಸ್ಯರ ಯಾದಿಯೂ ವಾರ್ಷಿಕೋತ್ಸವದ ಲೆಕ್ಕವೂ ಅಲ್ಲಿಯೇ ಇವೆ. ಫೈಲ್ ಮ್ಯಾನೇಜರಿನೊಳಗೆ ಜಾಲಪುಟ ಯುಕ್ತವೇ ಎಂದು ವಾದಿಸಿದ ಲೋಕವು ಜಾಲಪುಟದೊಳಗೆ ಫೈಲ್ ಮ್ಯಾನೇಜರ್ ಯುಕ್ತವೇ ಎಂದು ಒಮ್ಮೆಯೂ ಕೇಳದೆ ಒಪ್ಪಿಕೊಂಡಿತು. ಹಳೆಯ ಕೂಡಿಕೆಯಲ್ಲಿ ಹೊಸ್ತಿಲು ಅಳಿಸಿಹೋಗಿದ್ದರೂ ಮನೆ ನಮ್ಮದಾಗಿತ್ತು. ಇದರಲ್ಲಿ ಹೊಸ್ತಿಲು ಗಟ್ಟಿಯಾಗಿದೆ, ಬೀಗವೂ ಭದ್ರವಾಗಿದೆ, ಕಪಾಟು ಮಾತ್ರ ಬೇರೆಯವರ ಮನೆಯಲ್ಲಿದೆ. ನಾನು ಹೊಸದನ್ನು ಬಳಸುತ್ತೇನೆ. ಹಳೆಯದು ನನಗೆ ಹೆಚ್ಚು ಪ್ರಿಯ. ಅಪಾಯಗಳನ್ನು ತಿಳಿದೂ ಹೀಗೆ ಹೇಳುತ್ತಿದ್ದೇನೆಂಬುದನ್ನು ಓದುಗರು ಗಮನಿಸಬೇಕು.

ಕಳೆದ ಶ್ರಾವಣದಲ್ಲಿ ಮಳೆ ಹಿಡಿದ ಒಂದು ಮಧ್ಯಾಹ್ನ, ಲ್ಯಾಮಿಂಗ್ಟನ್ ರಸ್ತೆಯ ಆ ಮೊದಲ ಯಂತ್ರದ ಹಾರ್ಡ್ ಡಿಸ್ಕನ್ನು ಮೊಮ್ಮಗನು ಹೊಸ ಯಂತ್ರಕ್ಕೆ ಯಾವುದೋ ತಂತಿಯಿಂದ ಜೋಡಿಸಿಕೊಟ್ಟನು. ಆದಿತ್ಯವಾರಗಳ ಓದಿಗೆಂದು ಕೊಯ್ದಿಟ್ಟ ಪುಟಗಳೆಲ್ಲ ಪೌಂಡಿನ ಚಿಹ್ನೆಗಳನ್ನು ಹೊತ್ತುಕೊಂಡು ಕಪಾಟಿನಲ್ಲಿ ಇನ್ನೂ ಸಾಲಾಗಿ ನಿಂತಿದ್ದವು. ಒಂದನ್ನು ಒತ್ತಿದೆ, ಬೇರೆ ಕಿಟಕಿ ತೆರೆದು ಅದರಲ್ಲಿಯೂ ಪೌಂಡುಗಳೇ ಕಂಡವು. “ಇದು ಕೆಟ್ಟುಹೋಗಿದೆ ಅಜ್ಜ, ಡಿಲೀಟ್ ಮಾಡಲಾ?” ಎಂದನು. ಬೇಡವೆಂದು, ಕಪಾಟಿಗೆ ಹಿಂದಿರುಗಿ, ಅದೇ ಡಿಸ್ಕಿನ ಮತ್ತೊಂದು ಫೋಲ್ಡರಿನ ತಳದಲ್ಲಿದ್ದ ಫಾಂಟಿನ ಕಡತವನ್ನು ಹುಡುಕಿ ತೆಗೆದು ಯಂತ್ರಕ್ಕೆ ಹಾಕಿಸಿ, ಪುಟವನ್ನು ಮತ್ತೊಮ್ಮೆ ತೆರೆದೆವು. ಅಕ್ಷರಗಳು ಬಂದವು. ತಾಳಮದ್ದಳೆಯೊಂದರ ಆಮಂತ್ರಣವದು, ಗೋರೆಗಾಂವಿನಲ್ಲಿ, 2002ರದು. ಅರ್ಥಧಾರಿಗಳ ಹೆಸರುಗಳ ಕೆಳಗೆ, ಸಂಜೆ ನಾಲ್ಕಕ್ಕೆ ಸರಿಯಾಗಿ ಚಹಾ, ಬಳಿಕ ಚೆಂಡೆ, ಎಂದಿತ್ತು. ಮೊಮ್ಮಗನು ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವನು. ‘ಚೆಂಡೆ’ಯ ಮೊದಲನೆಯ ಅಕ್ಷರದಲ್ಲಿ ಸ್ವಲ್ಪ ತಡೆದು, ಮುಂದಕ್ಕೆ ಹೋದನು.